ಗುಳಿಗೆಯ ಸತ್ವ ಅಳೆಯುವ ಎಲೆಕ್ಟ್ರೋಡ್: ಬೇಕಾದದ್ದು ಸೂಕ್ಷ್ಮತೆಯೋ, ಭರವಸೆಯೋ?

ಹಾವೇರಿಯ ಜಿಲ್ಲಾಸ್ಪತ್ರೆಯಲ್ಲಿ, ರಾಣೇಬೆನ್ನೂರಿನ ಮೆಡಿಕಲ್ ಶಾಪಿನಲ್ಲಿ, ಬ್ಯಾಡಗಿ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಜ್ವರಕ್ಕೆಂದು ಕೊಡುವ ಪ್ಯಾರಾಸಿಟಮಾಲ್ ಗುಳಿಗೆಯ ಹಾಳೆಯ ಮೇಲೆ 500 ಮಿ.ಗ್ರಾಂ ಎಂದು ಅಚ್ಚಾಗಿರುತ್ತದೆ. ಕೊಡುವವರೂ ನುಂಗುವವರೂ ಆ ಸಂಖ್ಯೆಯನ್ನು ನಂಬುತ್ತಾರೆ. ಒರೆಗೆ ಹಚ್ಚಿ ನೋಡುವ ದಾರಿ ಇಬ್ಬರಿಗೂ ಇಲ್ಲ. ಅನುಮಾನ ಬಂದರೆ ಕಾನೂನು ಹೇಳುವ ಹಾದಿ ಒಂದೇ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ ಡ್ರಗ್ ಇನ್‌ಸ್ಪೆಕ್ಟರ್ ಮಾದರಿ ತೆಗೆಯಬೇಕು, ಅದನ್ನು ಪಾಲು ಮಾಡಿ ಮೊಹರು ಹಾಕಬೇಕು, ಒಂದು ಪಾಲು ಸರ್ಕಾರಿ ವಿಶ್ಲೇಷಕರಿಗೆ ಹೋಗಬೇಕು. ರಾಜ್ಯದ ಔಷಧ ಪರೀಕ್ಷಾ ಪ್ರಯೋಗಾಲಯಗಳಿರುವುದು ಬೆಂಗಳೂರು, ಹುಬ್ಬಳ್ಳಿ ಮತ್ತು ಬಳ್ಳಾರಿಯಲ್ಲಿ. ಹಾವೇರಿ ಜಿಲ್ಲೆಗೆ ಹುಬ್ಬಳ್ಳಿ ದೂರವೇನಲ್ಲ, ಹೆದ್ದಾರಿ ಹಿಡಿದರೆ ಒಂದೆರಡು ಗಂಟೆಯ ಹಾದಿ. ತೊಡಕು ರಸ್ತೆಯದಲ್ಲ, ಸಾಲಿನದು. ಹಲವು ಜಿಲ್ಲೆಗಳ ಮಾದರಿಗಳು ಒಂದೇ ಬಾಗಿಲಿಗೆ ಬಂದು ನಿಲ್ಲುವಾಗ ಯಾವುದನ್ನು ಕಳಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಬಹುಮಟ್ಟಿಗೆ ಅಂದಾಜೇ ತೀರ್ಮಾನಿಸುತ್ತದೆ. ವಿದ್ಯುತ್‌ರಾಸಾಯನಿಕ ಸಂವೇದಕಗಳು, ಅಂದರೆ ಔಷಧದ ಅಣುವನ್ನು ವಿದ್ಯುತ್ ಪ್ರವಾಹವಾಗಿ ಎಣಿಸುವ ಪುಟ್ಟ ಎಲೆಕ್ಟ್ರೋಡ್‌ಗಳು, ಈ ಅಂದಾಜಿನ ಜಾಗಕ್ಕೆ ಅಳತೆಯನ್ನು ತರಬಲ್ಲವೇ ಎಂಬುದು ಈ ಲೇಖನದ ಪ್ರಶ್ನೆ. ತರಬಲ್ಲವು, ಆದರೆ ಸಂಶೋಧನೆ ಈಗ ಹಿಡಿದಿರುವ ದಿಕ್ಕಿನಲ್ಲಿಯೇ ಓಡಿದರೆ ಅಲ್ಲ.

ಮೊದಲು ಇದರ ಕೆಲಸದ ರೀತಿ ನೋಡೋಣ. ಪ್ಯಾರಾಸಿಟಮಾಲ್ ಕರಗಿರುವ ದ್ರಾವಣದಲ್ಲಿ ಇಂಗಾಲದ ಎಲೆಕ್ಟ್ರೋಡ್ ಅದ್ದಿ, ಅದರ ಮೇಲಿನ ವೋಲ್ಟೇಜನ್ನು ಸೊನ್ನೆಯಿಂದ ನಿಧಾನವಾಗಿ ಏರಿಸುತ್ತ ಹೋದರೆ ಮೊದಮೊದಲು ಹೇಳಿಕೊಳ್ಳುವಂಥದ್ದೇನೂ ನಡೆಯುವುದಿಲ್ಲ. ಅರ್ಧ ವೋಲ್ಟಿನ ಆಸುಪಾಸಿಗೆ ಬಂದಾಗ ಪ್ರತಿ ಅಣು ಎರಡು ಎಲೆಕ್ಟ್ರಾನ್, ಎರಡು ಪ್ರೋಟಾನ್ ಬಿಟ್ಟುಕೊಟ್ಟು ಕ್ವಿನೋನ್ ಇಮೈನ್ ಎಂಬ ರೂಪ ತಾಳುತ್ತದೆ. ಅತಿಯಾಗಿ ಪ್ಯಾರಾಸಿಟಮಾಲ್ ನುಂಗಿದವರ ಯಕೃತ್ತನ್ನು ಹಾಳುಮಾಡುವ ವಸ್ತುವೂ ಇದೇ. ಬಿಟ್ಟುಕೊಟ್ಟ ಎಲೆಕ್ಟ್ರಾನುಗಳು ತಂತಿಯಲ್ಲಿ ಪ್ರವಾಹವಾಗಿ ಹರಿದು, ಪರದೆಯ ಮೇಲಿನ ರೇಖೆ ಶಿಖರದಂತೆ ಎದ್ದು ಇಳಿಯುತ್ತದೆ. ಶಿಖರ ಯಾವ ವೋಲ್ಟೇಜಿನಲ್ಲಿ ಎದ್ದಿತು ಎಂಬುದು ಯಾವ ವಸ್ತು ಎಂದು ಸೂಚಿಸುತ್ತದೆ; ಎಷ್ಟು ಎತ್ತರ ಎದ್ದಿತು ಎಂಬುದು ಎಷ್ಟಿದೆ ಎಂದು. ಈ ವಿದ್ಯೆ ಹೊಸದಲ್ಲ. ಪ್ರಾಗ್ ನಗರದ ಯಾರೊಸ್ಲಾವ್ ಹೆಯ್ರೋವ್‌ಸ್ಕಿ 1922ರಲ್ಲಿ ಪಾದರಸದ ಹನಿಯನ್ನೇ ಎಲೆಕ್ಟ್ರೋಡ್ ಮಾಡಿ ಪೋಲರೋಗ್ರಫಿ ಕಂಡುಹಿಡಿದರು, ಅದಕ್ಕೆ 1959ರಲ್ಲಿ ನೊಬೆಲ್ ಬಂತು. 1958ರಲ್ಲಿ ಅಮೆರಿಕದ ರಾಲ್ಫ್ ಆಡಮ್ಸ್ ವಿಷದ ಪಾದರಸವನ್ನು ಬಿಟ್ಟು ಗ್ರಾಫೈಟ್ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಎಲೆಕ್ಟ್ರೋಡ್ ಮಾಡುವ ದಾರಿ ತೋರಿಸಿದರು. ಬಡ ಪ್ರಯೋಗಾಲಯಗಳಿಗೆ ಈ ವಿದ್ಯೆಯ ಬಾಗಿಲು ತೆರೆದದ್ದು ಆ ಎರಡನೆಯ ಹೆಜ್ಜೆ.

ಆ ಬಾಗಿಲಿನಿಂದ ಒಳಹೊಕ್ಕವರಲ್ಲಿ ಕರ್ನಾಟಕದವರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಹಾವೇರಿ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಸೇರಿದ್ದ ಧಾರವಾಡದಲ್ಲಿಯೇ, ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಎಸ್.ಟಿ. ನಂದಿಬೇವೂರ ಮತ್ತು ಅವರ ಶಿಷ್ಯರು ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಮೂತ್ರ ಹೆಚ್ಚಿಸುವ ಫ್ಯೂರೋಸಮೈಡ್ ಮುಂತಾದ ಔಷಧಗಳನ್ನು ಇಂಗಾಲದ ಎಲೆಕ್ಟ್ರೋಡ್‌ಗಳ ಮೇಲೆ ಅಳೆದು ಪ್ರಕಟಿಸಿದ್ದಾರೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಬಿ.ಇ. ಕುಮಾರಸ್ವಾಮಿ ಅವರ ತಂಡ ಕಾರ್ಬನ್ ಪೇಸ್ಟ್ ಎಲೆಕ್ಟ್ರೋಡ್‌ನಲ್ಲಿ ವರ್ಷಗಟ್ಟಲೆ ದುಡಿದಿದೆ. ಮಡಿಕೇರಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜಿನಿಂದ ಜೆ.ಜಿ. ಮಂಜುನಾಥ ಇದೇ ಬಗೆಯ ಕೆಲಸವನ್ನು ಪದವಿ ಕಾಲೇಜೊಂದರ ಪರಿಸರದಲ್ಲಿ ನಡೆಸಿದ್ದಾರೆ. ಸಾಮಗ್ರಿಯ ಪಟ್ಟಿ ನೋಡಿದರೆ ಇದು ಹೇಗೆ ಸಾಧ್ಯವಾಯಿತು ಎಂಬುದು ತಿಳಿಯುತ್ತದೆ. ಸುಮಾರು ಏಳು ಪಾಲು ಗ್ರಾಫೈಟ್ ಪುಡಿಗೆ ಮೂರು ಪಾಲು ಸಿಲಿಕೋನ್ ಎಣ್ಣೆ ಹಾಕಿ ಕಲ್ಬತ್ತಿನಲ್ಲಿ ಅರೆಯಬೇಕು. ಆ ಕಪ್ಪು ಮುದ್ದೆಯನ್ನು ಟೆಫ್ಲಾನ್ ಕೊಳವೆಯ ಬಾಯಿಗೆ ಒತ್ತಿ ತುಂಬಬೇಕು. ಹಿಂದಿನಿಂದ ತಾಮ್ರದ ತಂತಿ ತೂರಿಸಿ, ಮುಂದಿನ ಮುಖವನ್ನು ನುಣುಪು ಕಾಗದದ ಮೇಲೆ ಹೊಳೆಯುವವರೆಗೆ ಉಜ್ಜಬೇಕು. ಮೇಲ್ಮೈ ಕೊಳೆಯಾದರೆ ತುಸು ಮುದ್ದೆ ಹೊರಗೆ ತಳ್ಳಿ ಮತ್ತೆ ಉಜ್ಜಿದರೆ ಹೊಸ ಎಲೆಕ್ಟ್ರೋಡ್ ಸಿದ್ಧ. ಕೌಶಲ ಕೈಯಲ್ಲಿದೆ, ಖರ್ಚು ಕಡಿಮೆ.

ಹಾಗಾದರೆ ಇಷ್ಟೊಂದು ಕೆಲಸ ಪ್ರಯೋಗಾಲಯದ ಹೊಸ್ತಿಲು ದಾಟಿ ಔಷಧ ನಿಯಂತ್ರಣದ ದಿನಚರಿಗೆ ಬಾರದೆ ಉಳಿದದ್ದೇಕೆ? ಪ್ರಪಂಚದಾದ್ಯಂತ ಇಂಥ ಲೇಖನಗಳು ಪೈಪೋಟಿ ನಡೆಸುವುದು ಒಂದು ಸಂಖ್ಯೆಯ ಮೇಲೆ: ಪತ್ತೆಯ ಮಿತಿ, ಅಂದರೆ ಸಂವೇದಕ ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ. ಕಾರ್ಬನ್ ನ್ಯಾನೊಟ್ಯೂಬ್, ಗ್ರಾಫೀನ್, ಚಿನ್ನದ ನ್ಯಾನೊಕಣ ಎಂದು ಲೇಪದ ಮೇಲೆ ಲೇಪ ಏರಿಸಿ ಆ ಮಿತಿಯನ್ನು ನ್ಯಾನೊಮೋಲಾರ್‌ಗೆ ಇಳಿಸಿದ್ದೇವೆ ಎಂಬುದೇ ಹೆಚ್ಚಿನವುಗಳ ಸಾಧನೆಯ ಸಾಲು. ರಕ್ತದಲ್ಲಿ, ಮೂತ್ರದಲ್ಲಿ, ನದಿಯ ನೀರಿನಲ್ಲಿ ಔಷಧ ಹುಡುಕುವವರಿಗೆ ಇದು ನಿಜಕ್ಕೂ ಬೇಕು. ಗುಳಿಗೆಗೆ ಬೇಕೇ? ಲೆಕ್ಕ ಹಾಕಿ ನೋಡಿ. 500 ಮಿ.ಗ್ರಾಂ ಪ್ಯಾರಾಸಿಟಮಾಲನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿದರೆ ಸಿಗುವುದು ಸುಮಾರು 33 ಮಿಲಿಮೋಲಾರ್ ದ್ರಾವಣ. ನ್ಯಾನೊಮೋಲಾರ್ ಮಿತಿಗೆ ಹೋಲಿಸಿದರೆ ಅದು ಮೂರು ಕೋಟಿ ಪಟ್ಟು ಗಟ್ಟಿ. ಇಂಥ ಸಂವೇದಕವನ್ನು ಗುಳಿಗೆಗೆ ಬಳಸುವುದೆಂದರೆ ಮೆಣಸಿನಕಾಯಿ ಚೀಲವನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಲು ಹೋದಂತೆ. ಸೂಕ್ಷ್ಮ ಸಂವೇದಕಕ್ಕೆ ಹೊಂದುವ 10 ಮೈಕ್ರೋಮೋಲಾರ್ ಮಟ್ಟಕ್ಕೆ ಆ ದ್ರಾವಣವನ್ನು ತರಬೇಕಾದರೆ ಮೂರು ಸಾವಿರ ಪಟ್ಟಿಗೂ ಹೆಚ್ಚು ತೆಳುಮಾಡಬೇಕು. ಎರಡು ಮೂರು ಹಂತಗಳಲ್ಲಿ ಪಿಪೆಟ್ ಹಿಡಿಯಬೇಕು, ಪ್ರತಿ ಹಂತವೂ ತನ್ನ ತಪ್ಪನ್ನು ಸೇರಿಸುತ್ತದೆ. ಗಳಿಸಿದ ಸೂಕ್ಷ್ಮತೆಯನ್ನು ನೀರು ಬೆರೆಸಿ ಕಳೆದುಕೊಂಡು, ಜೊತೆಗೆ ಅನಿಶ್ಚಿತತೆಯನ್ನೂ ಕೊಂಡುತಂದಂತಾಗುತ್ತದೆ.

ಗುಳಿಗೆ ಕೇಳುವ ಪ್ರಶ್ನೆ ಬೇರೆಯೇ. ಔಷಧಗಳ ಅಧಿಕೃತ ಮಾನದಂಡ ಗ್ರಂಥವಾದ ಭಾರತೀಯ ಫಾರ್ಮಕೋಪಿಯದ ಪ್ರಕಾರ ಪ್ಯಾರಾಸಿಟಮಾಲ್ ಗುಳಿಗೆಯಲ್ಲಿ ಹಾಳೆಯ ಮೇಲೆ ಹೇಳಿದ ಪ್ರಮಾಣದ ಶೇ 95ರಿಂದ 105ರಷ್ಟು ಔಷಧ ಇರಬೇಕು. 20 ಗುಳಿಗೆ ತೂಗಿ, ಪುಡಿಮಾಡಿ, ಕ್ಷಾರದಲ್ಲಿ ಕರಗಿಸಿ, 257 ನ್ಯಾನೊಮೀಟರ್ ಅತಿನೇರಳೆ ಬೆಳಕನ್ನು ಎಷ್ಟು ಹೀರುತ್ತದೆ ಎಂದು ನೋಡುವುದು ಅಲ್ಲಿಯ ರೂಢಿಯ ವಿಧಾನ. ಎಲೆಕ್ಟ್ರೋಡ್ ಇದಕ್ಕೆ ಸರಿಗಟ್ಟಬೇಕೆಂದರೆ ಅದಕ್ಕೆ ಬೇಕಾದದ್ದು ಪುನರಾವರ್ತನೆಯ ನಿಖರತೆ. ಒಂದೇ ಎಲೆಕ್ಟ್ರೋಡ್‌ನ ಎರಡು ಅಳತೆಗಳ ನಡುವೆ, ಒಂದೇ ದಿನ ಮಾಡಿದ ಎರಡು ಎಲೆಕ್ಟ್ರೋಡ್‌ಗಳ ನಡುವೆ ಶೇ 3ರಷ್ಟು ವ್ಯತ್ಯಾಸ ಬಂದರೆ ಸಂಶೋಧನಾ ಲೇಖನಕ್ಕೆ ಧಕ್ಕೆಯಿಲ್ಲ. ತೆಳುಮಾಡುವಾಗಿನ ಎರಡು ಹಂತಗಳಲ್ಲಿ ತಲಾ ಶೇ 1 ಸೇರಿದರೆ ಒಟ್ಟು ಅನಿಶ್ಚಿತತೆ ಶೇ 3.3ರ ಹತ್ತಿರ ನಿಲ್ಲುತ್ತದೆ. ಅಂಥ ಅಳತೆಯಲ್ಲಿ ಶೇ 96 ಎಂದು ಬಂದ ಗುಳಿಗೆ ಪಾಸೋ ಫೇಲೋ ಹೇಳಲಾಗದು. ಈ ಲೇಖನಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಕೋಷ್ಟಕ ಇರುತ್ತದೆ: ಅಂಗಡಿಯಿಂದ ತಂದ ಒಂದೆರಡು ಬ್ರ್ಯಾಂಡಿನ ಗುಳಿಗೆ, ಬೆರೆಸಿದ ಪ್ರಮಾಣ, ಮರಳಿ ಸಿಕ್ಕ ಪ್ರಮಾಣ, ಶೇ 98ರಿಂದ 102. ನೋಡಲು ಚೆಂದ. ಆದರೆ ಅದು ಹೇಳುವುದು ಒಳ್ಳೆಯ ಗುಳಿಗೆಯನ್ನು ಪಳಗಿದ ಕೈ ಅಳೆದಾಗ ಏನಾಗುತ್ತದೆ ಎಂದು ಮಾತ್ರ. ಕೆಟ್ಟ ಗುಳಿಗೆ ಬಂದಾಗ, ಪಳಗದ ಕೈಗೆ ಸಿಕ್ಕಾಗ, ಏಪ್ರಿಲ್ ತಿಂಗಳ ರಾಣೇಬೆನ್ನೂರಿನ ಸೆಖೆಯಲ್ಲಿ ಎಲೆಕ್ಟ್ರೋಡ್ ವಾರಗಟ್ಟಲೆ ಕೂತಾಗ ಏನಾಗುತ್ತದೆ ಎಂಬುದರ ಕೋಷ್ಟಕ ಅಪರೂಪ. ಜಿಲ್ಲೆಗೆ ಬೇಕಾದದ್ದು ಆ ಕೋಷ್ಟಕ.

ಹಾಗಾದರೆ ಎಲೆಕ್ಟ್ರೋಡನ್ನು ಬದಿಗಿಡಬೇಕೇ? ಬೇಡ ಎನ್ನಲು ಬಲವಾದ ಸಾಕ್ಷಿ ಅದೇ ಮೆಡಿಕಲ್ ಶಾಪಿನ ಕಪಾಟಿನಲ್ಲಿದೆ. ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ನೋಡಿಕೊಳ್ಳುವ ಗ್ಲುಕೋಮೀಟರ್ ಕೂಡ ವಿದ್ಯುತ್‌ರಾಸಾಯನಿಕ ಸಂವೇದಕವೇ. 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಎಂಜೈಮ್ ಎಲೆಕ್ಟ್ರೋಡಿನ ಕಲ್ಪನೆ ಕೊಟ್ಟರು; 1987ರ ಹೊತ್ತಿಗೆ ಅದು ಪೆನ್ನಿನ ಗಾತ್ರದ ಉಪಕರಣವಾಗಿ ಮಾರುಕಟ್ಟೆಗೆ ಬಂತು. ಅದು ಗೆದ್ದದ್ದು ಪ್ರಯೋಗಾಲಯದ ನಿಖರತೆ ಮುಟ್ಟಿದ್ದರಿಂದಲ್ಲ. 2013ರ ಅಂತರರಾಷ್ಟ್ರೀಯ ಮಾನದಂಡ ಕೇಳುವುದು, ಸಕ್ಕರೆ ಕಡಿಮೆ ಮಟ್ಟದಲ್ಲಿಲ್ಲದಾಗ, ಶೇ 95ರಷ್ಟು ಅಳತೆಗಳು ನಿಜಬೆಲೆಯ ಶೇ 15ರ ಆಚೀಚೆ ಇರಬೇಕೆಂದಷ್ಟೇ. ಇನ್ಸುಲಿನ್ ಹೆಚ್ಚಿಸಬೇಕೋ, ಊಟ ಕಡಿಮೆ ಮಾಡಬೇಕೋ ಎಂಬ ತೀರ್ಮಾನಕ್ಕೆ ಅಷ್ಟು ಸಾಕು. ಯಾವ ತೀರ್ಮಾನಕ್ಕಾಗಿ ಅಳೆಯುತ್ತೇವೆ ಎಂಬುದರ ಮೇಲೆ ಎಷ್ಟು ನಿಖರವಾಗಿ ಅಳೆಯಬೇಕು ಎಂಬುದು ನಿಂತಿದೆ. ಗುಳಿಗೆಯ ವಿಷಯದಲ್ಲಿ ಎರಡು ತೀರ್ಮಾನಗಳಿವೆ. ಗುಣಮಟ್ಟಕ್ಕೆ ಕಡಿಮೆ ಎಂದು ಘೋಷಿಸುವುದು ಒಂದು. ಅದಕ್ಕೆ ಶೇ 1ರ ನಿಖರತೆ, ಫಾರ್ಮಕೋಪಿಯ ಹೇಳುವ ವಿಧಾನ, ಸರ್ಕಾರಿ ವಿಶ್ಲೇಷಕರ ಸಹಿ ಬೇಕು. ಈ ಮಾದರಿಯನ್ನು ಹುಬ್ಬಳ್ಳಿಗೆ ಕಳಿಸುವುದು ಲೇಸೇ ಎಂದು ನಿರ್ಧರಿಸುವುದು ಇನ್ನೊಂದು. 500ರ ಬದಲು 300 ಮಿ.ಗ್ರಾಂ ಇರುವ, ಇಲ್ಲವೇ ಬರೀ ಪಿಷ್ಟ ಇರುವ ಗುಳಿಗೆಯನ್ನು ಹಿಡಿಯಲು ಲೇಪವಿಲ್ಲದ ಸಾದಾ ಇಂಗಾಲವೇ ಸಾಕು. ಸಂವೇದಕಗಳ ಸರಿಯಾದ ಜಾಗ ಈ ಎರಡನೆಯ ತೀರ್ಮಾನ.

ಗುಣವನ್ನು ಅಳತೆಯಿಂದ ತೀರ್ಮಾನಿಸುವ ವಿಚಾರ ಈ ಜಿಲ್ಲೆಗೆ ಅಪರಿಚಿತವೂ ಅಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, ಅದರ ಬೆಲೆ ನಿಂತಿರುವುದು ಹೆಚ್ಚು ಬಣ್ಣ, ಕಡಿಮೆ ಖಾರ ಎಂಬ ಎರಡು ಗುಣಗಳ ಮೇಲೆ. ಮೆಣಸಿನಕಾಯಿಯಿಂದ ಒಲಿಯೋರೆಸಿನ್ ಎಂಬ ಗಟ್ಟಿ ಸಾರ ತೆಗೆಯುವ ಕಾರ್ಖಾನೆಗಳು ಬಣ್ಣವನ್ನು ಅಳತೆಯ ಸಂಖ್ಯೆಯಲ್ಲೇ ಕೇಳುತ್ತವೆ. ಖಾರದ ಅಳತೆಯ ಚರಿತ್ರೆಯಂತೂ ಔಷಧಶಾಸ್ತ್ರದ್ದೇ. 1912ರಲ್ಲಿ ಖಾರದ ಮಾಪನ ರೂಪಿಸಿದ ವಿಲ್ಬರ್ ಸ್ಕೋವಿಲ್ ಅಮೆರಿಕದ ಪಾರ್ಕ್-ಡೇವಿಸ್ ಔಷಧ ಕಂಪನಿಯಲ್ಲಿದ್ದ ಔಷಧಶಾಸ್ತ್ರಜ್ಞ. ಮೆಣಸಿನಕಾಯಿಯ ಸಾರಕ್ಕೆ ಸಕ್ಕರೆ ನೀರು ಬೆರೆಸುತ್ತ ಹೋಗಿ, ರುಚಿ ನೋಡುವವರ ನಾಲಿಗೆಗೆ ಖಾರ ತಿಳಿಯದಾಗುವ ಹಂತವನ್ನು ಅವರು ಗುರುತು ಹಾಕಿದರು. ನಾಲಿಗೆ ದಣಿಯುತ್ತದೆ, ಒಬ್ಬರ ನಾಲಿಗೆ ಇನ್ನೊಬ್ಬರದರಂತಿಲ್ಲ. 2008ರಲ್ಲಿ ಆಕ್ಸ್‌ಫರ್ಡ್‌ನ ರಿಚರ್ಡ್ ಕಾಂಪ್ಟನ್ ತಂಡ ಕಾರ್ಬನ್ ನ್ಯಾನೊಟ್ಯೂಬ್ ಲೇಪಿಸಿದ ಎಲೆಕ್ಟ್ರೋಡ್‌ನ ಮೇಲೆ ಖಾರದ ಅಣುವಾದ ಕ್ಯಾಪ್ಸೈಸಿನ್ ಅಂಟಿಕೊಳ್ಳುವಂತೆ ಮಾಡಿ, ಅದರ ಉತ್ಕರ್ಷಣೆಯ, ಅಂದರೆ ಎಲೆಕ್ಟ್ರಾನ್ ಬಿಟ್ಟುಕೊಡುವ ಕ್ರಿಯೆಯ, ಪ್ರವಾಹದಿಂದ ಖಾರವನ್ನು ಎಣಿಸಿತು. ಪ್ಯಾರಾಸಿಟಮಾಲ್‌ನಂತೆ ಕ್ಯಾಪ್ಸೈಸಿನ್ ಕೂಡ ಫೀನಾಲ್ ಬಳಗದ ಅಣು, ನೋವಿನ ಮುಲಾಮುಗಳಲ್ಲಿ ಅದೂ ಔಷಧವೇ. ಇಲ್ಲಿ ಒಂದು ಎಚ್ಚರಿಕೆಯೂ ಇದೆ: ಫೀನಾಲ್‌ಗಳು ಉತ್ಕರ್ಷಣೆಗೊಂಡಾಗ ಒಂದಕ್ಕೊಂದು ಬೆಸೆದು ಎಲೆಕ್ಟ್ರೋಡ್ ಮೇಲೆ ಪೊರೆ ಕಟ್ಟಬಲ್ಲವು, ಎರಡನೆಯ ಅಳತೆ ಮೊದಲಿನದಕ್ಕಿಂತ ತಗ್ಗುತ್ತದೆ. ಪ್ರತಿ ಅಳತೆಗೆ ಮೇಲ್ಮೈ ಹೊಸದಾಗಬೇಕೆಂಬ ಪಾಠ ಖಾರಕ್ಕೂ ಗುಳಿಗೆಗೂ ಒಂದೇ. ಮುದ್ದೆ ಎಲೆಕ್ಟ್ರೋಡ್ ಅಥವಾ ಒಮ್ಮೆ ಬಳಸಿ ಎಸೆಯುವ, ಎಲೆಕ್ಟ್ರೋಡ್ ಅಚ್ಚೊತ್ತಿದ ಪಟ್ಟಿ ಇಲ್ಲಿ ದುಬಾರಿ ಲೇಪಗಳಿಗಿಂತ ಮೇಲು.

ಆಕ್ಷೇಪಗಳಲ್ಲಿ ಮೊದಲನೆಯದು: ಎಲ್ಲ ಔಷಧಗಳೂ ಎಲೆಕ್ಟ್ರೋಡ್‌ಗೆ ಸ್ಪಂದಿಸುವುದಿಲ್ಲ. ನಿಜ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಸಾದಾ ಇಂಗಾಲದ ಮೇಲೆ ಸುಲಭಕ್ಕೆ ಎಲೆಕ್ಟ್ರಾನ್ ಬಿಡುವುದಿಲ್ಲ, ತಾಮ್ರದಂಥ ಲೋಹದ ಸಹಾಯ ಬೇಕಾಗುತ್ತದೆ. ಆದರೆ ಸರ್ಕಾರಿ ಆಸ್ಪತ್ರೆಯ ಕಪಾಟಿನಲ್ಲಿ ಸಾಮಾನ್ಯವಾಗಿ ಕಾಣುವ ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್, ಅಮ್ಲೋಡಿಪಿನ್, ಅಮಾಕ್ಸಿಸಿಲಿನ್, ಕ್ಷಯಕ್ಕೆ ಕೊಡುವ ಐಸೊನಿಯಾಜಿಡ್, ಗರ್ಭಿಣಿಯರಿಗೆ ಕೊಡುವ ಫೋಲಿಕ್ ಆಮ್ಲ ಇವೆಲ್ಲ ಉತ್ಕರ್ಷಣೆಗೊಳ್ಳುತ್ತವೆ. ಮೆಟ್ರೊನಿಡಜೋಲ್ ತನ್ನ ನೈಟ್ರೊ ಗುಂಪಿನ ಅಪಕರ್ಷಣೆಯಿಂದ, ಅಂದರೆ ಅದು ಎಲೆಕ್ಟ್ರಾನ್ ಪಡೆಯುವುದರಿಂದ, ಪತ್ತೆಯಾಗುತ್ತದೆ. ಹತ್ತು ಔಷಧಕ್ಕೆ ಚೆನ್ನಾಗಿ ಕೆಲಸ ಮಾಡುವ ಸಾಧನ, ನೂರಕ್ಕೆ ಸುಮಾರಾಗಿ ಕೆಲಸ ಮಾಡುವುದಕ್ಕಿಂತ ವಾಸಿ. ಎರಡನೆಯ ಆಕ್ಷೇಪ, ನಕಲಿ ಮಾಡುವವನು ಅಗ್ಗದ ಇನ್ನೊಂದು ವಸ್ತು ತುಂಬಿ ಶಿಖರ ಎಬ್ಬಿಸಬಹುದಲ್ಲ ಎಂಬುದು. ಶಿಖರದ ಸ್ಥಾನ ಬದಲಾಗುತ್ತದೆ ಎಂಬುದು ಇದಕ್ಕೆ ಭಾಗಶಃ ಉತ್ತರ. ಪ್ಯಾರಾಸಿಟಮಾಲ್ ಕೆಟ್ಟಾಗ ಹುಟ್ಟುವ ಪ್ಯಾರಾ-ಅಮಿನೋಫೀನಾಲ್ ಅದಕ್ಕಿಂತ ಕಡಿಮೆ ವೋಲ್ಟೇಜಿನಲ್ಲೇ ಉತ್ಕರ್ಷಣೆಗೊಂಡು ಬೇರೆ ಶಿಖರವಾಗಿ ಕಾಣುತ್ತದೆ. ಹಾಗಾಗಿ ಒಂದೇ ರೇಖೆಯಲ್ಲಿ ಔಷಧವೂ ಅದರ ಕೆಡುಕೂ ಸಿಗುತ್ತವೆ. ಪಿಷ್ಟ, ಲ್ಯಾಕ್ಟೋಸ್, ಮೆಗ್ನೀಸಿಯಂ ಸ್ಟಿಯರೇಟ್‌ನಂಥ ಜೊತೆವಸ್ತುಗಳು ಈ ವೋಲ್ಟೇಜಿನಲ್ಲಿ ಸುಮ್ಮನಿರುತ್ತವೆ, ಸೋಸದ ಮಬ್ಬು ದ್ರಾವಣದಲ್ಲಿಯೂ ಅಳೆಯಬಹುದು. ಹತ್ತಿರದ ಸ್ಥಾನದಲ್ಲಿ ಏಳುವ ಎರಡು ವಸ್ತುಗಳನ್ನು ಮಾತ್ರ ಎಲೆಕ್ಟ್ರೋಡ್ ಬೇರ್ಪಡಿಸಲಾರದು. ಅದಕ್ಕೇ ಅದು ಜರಡಿಯೇ ಹೊರತು ತೀರ್ಪು ಅಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರ. ಗುಳಿಗೆ ಫೇಲಾಗುವುದು ಔಷಧ ಕಡಿಮೆಯಿದ್ದಾಗ ಮಾತ್ರವಲ್ಲ. ಸತ್ವ ಪೂರ್ತಿ ಇದ್ದೂ ಹೊಟ್ಟೆಯಲ್ಲಿ ಸಮಯಕ್ಕೆ ಸರಿಯಾಗಿ ಕರಗದಿದ್ದರೆ ಅದು ನುಂಗಿದವರಿಗೆ ಉಪಯೋಗವಿಲ್ಲದ ಗುಳಿಗೆ, ಕೇಂದ್ರ ಔಷಧ ಮಾನಕ ಸಂಸ್ಥೆಯ ಮಾಸಿಕ ಪಟ್ಟಿಗಳಲ್ಲಿ ಕರಗುವಿಕೆಯ ವೈಫಲ್ಯ ಮತ್ತೆ ಮತ್ತೆ ಕಾಣುತ್ತದೆ. ಪುಡಿಮಾಡಿ ಕರಗಿಸಿ ಅಳೆಯುವ ಯಾವ ಸಂವೇದಕವೂ ಇದನ್ನು ಹಿಡಿಯಲಾರದು. ಆದರೆ ಪುಡಿಮಾಡಲೇಬೇಕೆಂಬ ನಿಯಮ ಎಲೆಕ್ಟ್ರೋಡ್‌ನದಲ್ಲ. ಕರಗುವಿಕೆಯ ಪರೀಕ್ಷೆಯಲ್ಲಿ ಇಡೀ ಗುಳಿಗೆಯನ್ನು 37 ಡಿಗ್ರಿಯ 900 ಮಿ.ಲೀ. ಬಫರ್‌ನಲ್ಲಿ ಬಿಟ್ಟು ಕಲಕುತ್ತಾರೆ. ಆಗಾಗ ಮಾದರಿ ಹೀರಿ, ಸೋಸಿ, ತೆಳುಮಾಡಿ ಅಳೆಯುತ್ತಾರೆ. 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಅಲ್ಲಿ ಪೂರ್ತಿ ಕರಗಿದಾಗ ಸಿಗುವುದು ಸುಮಾರು 3.7 ಮಿಲಿಮೋಲಾರ್. ಎಲೆಕ್ಟ್ರೋಡ್‌ಗೆ ಬೇಕಾದ ಬಫರ್ ಮೊದಲೇ ಇದೆ, ದ್ರಾವಣ ಮಬ್ಬಾಗಿದ್ದರೂ ಚಿಂತೆಯಿಲ್ಲ. ಎಲೆಕ್ಟ್ರೋಡನ್ನು ನೇರವಾಗಿ ಪಾತ್ರೆಯಲ್ಲೇ ಅದ್ದಿ, ನಿಮಿಷ ನಿಮಿಷಕ್ಕೂ ಎಷ್ಟು ಕರಗಿತು ಎಂಬ ರೇಖೆ ಪಡೆಯಬಹುದು. ತೆಳುಮಾಡುವ ಹಂತಗಳೇ ಇಲ್ಲ, ಹಾಗಾಗಿ ಅವುಗಳ ತಪ್ಪೂ ಇಲ್ಲ. ಪತ್ತೆಯ ಮಿತಿಯ ಪೈಪೋಟಿ ಬಿಟ್ಟು, ಗಟ್ಟಿ ದ್ರಾವಣದಲ್ಲಿ ಪೊರೆ ಕಟ್ಟದೆ ಅರ್ಧ ಗಂಟೆ ಬಾಳುವ ಎಲೆಕ್ಟ್ರೋಡ್ ಮಾಡಿ ಎಂದು ಸಂಶೋಧಕರನ್ನು ಕೇಳಬೇಕಾದದ್ದು ಇಲ್ಲಿಯೇ.

ಕೊನೆಯ ಆಕ್ಷೇಪ ನ್ಯಾಯದ್ದು. ಅರೆಬರೆ ನಿಖರತೆಯ ಸಾಧನವೊಂದು ಸುಳ್ಳು ಅನುಮಾನ ಹುಟ್ಟಿಸಿದರೆ ಪ್ರಾಮಾಣಿಕ ಅಂಗಡಿಯವರ, ತಯಾರಕರ ಗತಿಯೇನು? 2014–16ರ ರಾಷ್ಟ್ರೀಯ ಔಷಧ ಸಮೀಕ್ಷೆಯಲ್ಲಿ 47,012 ಮಾದರಿಗಳನ್ನು ಪರೀಕ್ಷಿಸಿ, ಗುಣಮಟ್ಟಕ್ಕೆ ಕಡಿಮೆಯಾದವು ಶೇ 3.16, ನಕಲಿ ಶೇ 0.0245 ಎಂದು ಅಂದಾಜಿಸಲಾಯಿತು. ಸರ್ಕಾರಿ ಮೂಲಗಳಿಂದ ತೆಗೆದವುಗಳಲ್ಲಿ ಗುಣಮಟ್ಟಕ್ಕೆ ಕಡಿಮೆಯಾದವುಗಳ ಪ್ರಮಾಣ ಶೇ 10ರ ಹತ್ತಿರ ಇತ್ತು. ಒಟ್ಟಾರೆ ಶೇ 3 ಎಂಬ ಅಂಕಿಯನ್ನೇ ಹಿಡಿದು ಒಂದು ಊಹೆಯ ಲೆಕ್ಕ ಮಾಡೋಣ. ಸಾವಿರ ಮಾದರಿಗಳಲ್ಲಿ 30 ಕೆಟ್ಟವು, ಅವುಗಳಲ್ಲಿ ಅರ್ಧ ಮಾತ್ರ ಸತ್ವ ಕಡಿಮೆಯಾದವು ಎಂದಿಟ್ಟುಕೊಳ್ಳಿ. ಸಂವೇದಕ ಆ 15ರಲ್ಲಿ 12ನ್ನು ಹಿಡಿಯಲಿ, ಉಳಿದ 985ರಲ್ಲಿ ಶೇ 5ರಷ್ಟನ್ನು, ಅಂದರೆ 49ನ್ನು, ತಪ್ಪಾಗಿ ಅನುಮಾನಿಸಲಿ. ಅನುಮಾನದ ಪಟ್ಟಿಯಲ್ಲಿರುವ 61ರಲ್ಲಿ 12 ಮಾತ್ರ ನಿಜಕ್ಕೂ ಸತ್ವಹೀನ. ಇದನ್ನು ತೀರ್ಪೆಂದು ಸಾರಿದರೆ ಐದರಲ್ಲಿ ನಾಲ್ವರಿಗೆ ಅನ್ಯಾಯ, ಆಕ್ಷೇಪ ಪೂರ್ತಿ ಸರಿ. ಆದರೆ ಆ 61ನ್ನು ಹುಬ್ಬಳ್ಳಿಗೆ ಕಳಿಸಿದರೆ ಅಲ್ಲಿಯ ಪ್ರಯೋಗಾಲಯಕ್ಕೆ ಐದು ಪರೀಕ್ಷೆಗೊಂದು ಕೆಟ್ಟ ಔಷಧ ಸಿಗುತ್ತದೆ. ಕಣ್ಣುಮುಚ್ಚಿ ಆರಿಸಿದ 61ರಲ್ಲಿ ಸಿಗುವುದು ಸುಮಾರು ಎರಡು. ಅದೇ ಯಂತ್ರ, ಅದೇ ಸಿಬ್ಬಂದಿ, ಫಲ ಆರು ಪಟ್ಟು. ಕಾನೂನಿನ ರಕ್ಷಣೆಗಳಿಗೂ ಧಕ್ಕೆಯಿಲ್ಲ: ಸಂವೇದಕದ ಫಲಿತಾಂಶ ಇನ್‌ಸ್ಪೆಕ್ಟರ್ ಬಳಿಯೇ ಉಳಿಯಬೇಕು, ವಿಶ್ಲೇಷಕರ ವರದಿ ಬರುವವರೆಗೆ ಯಾರ ಹೆಸರೂ ಹೊರಬರಬಾರದು, ಆ ವರದಿಯನ್ನೂ ಪ್ರಶ್ನಿಸಿ ಕೋಲ್ಕತ್ತದ ಕೇಂದ್ರ ಔಷಧ ಪ್ರಯೋಗಾಲಯಕ್ಕೆ ಹೋಗುವ ಹಕ್ಕು ಈಗಿರುವಂತೆಯೇ ಇರುತ್ತದೆ. ಸಂಶಯದ ಪಟ್ಟಿಯ ಜೊತೆಗೆ ಕಣ್ಣುಮುಚ್ಚಿ ಆರಿಸಿದ ಕೆಲವು ಮಾದರಿಗಳನ್ನೂ ಕಳಿಸುತ್ತಿರಬೇಕು. ಎಲೆಕ್ಟ್ರೋಡ್ ಏನನ್ನು ಬಿಟ್ಟುಬಿಡುತ್ತಿದೆ ಎಂಬುದು ತಿಳಿಯುವುದು ಅವುಗಳಿಂದಲೇ.

ಇದನ್ನು ನಡೆಸುವವರು ಯಾರು ಎಂಬ ಪ್ರಶ್ನೆಗೂ ಉತ್ತರ ದೂರವಿಲ್ಲ. ವೋಲ್ಟೇಜ್ ಕೊಟ್ಟು ಪ್ರವಾಹ ಓದುವ ಪೊಟೆನ್ಶಿಯೋಸ್ಟಾಟ್ ಹಿಂದೆ ಲಕ್ಷಗಟ್ಟಲೆ ರೂಪಾಯಿಯ ಯಂತ್ರವಾಗಿತ್ತು. 2011ರಲ್ಲಿ ಅಮೆರಿಕದ ಸಂಶೋಧಕರು ಚೀಪ್‌ಸ್ಟಾಟ್ ಎಂಬ ಅಂಗೈಯಗಲದ ಸಾಧನವನ್ನು 80 ಡಾಲರಿನೊಳಗೆ ಕಟ್ಟಬಹುದೆಂದು ತೋರಿಸಿ ಅದರ ನಕ್ಷೆಯನ್ನೂ ಬಹಿರಂಗಪಡಿಸಿದರು. ಹಾವೇರಿಯ ಗುದ್ಲೆಪ್ಪ ಹಳ್ಳಿಕೇರಿ ಕಾಲೇಜಿನಂಥ ಪದವಿ ಕಾಲೇಜುಗಳ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ತಕ್ಕಡಿ, ಪಿಪೆಟ್, ಬಫರ್ ಎಲ್ಲ ಹೇಗೂ ಇರುತ್ತವೆ. ಮಡಿಕೇರಿಯಲ್ಲಿ ಆದದ್ದು ಹಾವೇರಿಯಲ್ಲಿ ಆಗಬಾರದೆಂದೇನಿಲ್ಲ. ಹತ್ತು ಔಷಧಗಳ ಪಟ್ಟಿ, ಪ್ರತಿಯೊಂದಕ್ಕೂ ಒಂದೇ ಲಿಖಿತ ವಿಧಾನ, ಬೇಕೆಂದೇ ಕಡಿಮೆ ಸತ್ವ ಹಾಕಿ ತಯಾರಿಸಿದ ಗುಪ್ತ ಮಾದರಿಗಳನ್ನು ಮೂರು ಕಾಲೇಜುಗಳು ಬೇರೆಬೇರೆಯಾಗಿ ಅಳೆದು ಹುಬ್ಬಳ್ಳಿಯ ಫಲಿತಾಂಶದೊಂದಿಗೆ ಹೋಲಿಸುವ ಒಂದು ಪರೀಕ್ಷೆ: ಕೆಲಸ ಆರಂಭಿಸಲು ಇಷ್ಟು ಸಾಕು. ಇಂಥ ಹೋಲಿಕೆಯಲ್ಲಿ ಎಲೆಕ್ಟ್ರೋಡ್ ಸೋತರೆ ಅದನ್ನೂ ಪ್ರಕಟಿಸಬೇಕು, ಆ ಸೋಲಿನ ಕೋಷ್ಟಕ ಇನ್ನೊಂದು ನ್ಯಾನೊಮೋಲಾರ್ ದಾಖಲೆಗಿಂತ ಬೆಲೆಯುಳ್ಳದ್ದು. ಧಾರವಾಡ, ಶಂಕರಘಟ್ಟಗಳಲ್ಲಿ ವರ್ಷಗಟ್ಟಲೆ ಕೂಡಿಬಿದ್ದಿರುವ ಜ್ಞಾನ ಕಡಿಮೆಯದಲ್ಲ. ಎಷ್ಟು ಕಡಿಮೆ ಕಾಣಬಲ್ಲೆವು ಎಂದು ಕೇಳುವುದನ್ನು ಬಿಟ್ಟು, ಯಾರ ಕೈಯಲ್ಲಿ, ಯಾವ ತೀರ್ಮಾನಕ್ಕೆ, ಎಷ್ಟು ಸಲ ತಪ್ಪದೆ ಕಾಣಬಲ್ಲೆವು ಎಂದು ಈ ಸಂಶೋಧನೆ ಕೇಳಿಕೊಂಡ ದಿನ ಹಾಳೆಯ ಮೇಲಿನ 500 ಎಂಬ ಸಂಖ್ಯೆಯನ್ನು ಜಿಲ್ಲೆಯೊಳಗೇ ಪರೀಕ್ಷಿಸುವುದು ಸಾಧ್ಯವಾಗುತ್ತದೆ.